ತೆರೆಗೆ ಮೊದಲಿನ ವ್ಯಾಪಾರ

ಸಿನಿಮಾದ ಮೊದಲ ಗಿರಾಕಿ ಪ್ರೇಕ್ಷಕನಲ್ಲ, ಚಿತ್ರಮಂದಿರದ ಮಾಲೀಕ. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಯಡ್ತರೆಯಲ್ಲೋ ಬೈಂದೂರು ಪೇಟೆಯಲ್ಲೋ ಗೋಡೆಗೆ ಮೈದಾ ಅಂಟು ಬಳಿದು ಪೋಸ್ಟರ್ ಹಚ್ಚುವ ಹೊತ್ತಿಗೆ ಅಸಲಿ ವ್ಯಾಪಾರ ಮುಗಿದಿರುತ್ತದೆ. ಮುಂದೆ ಇಂತಿಂಥ ಚಿತ್ರಗಳು ಬರಲಿವೆ ಎಂಬ ಪಟ್ಟಿ ಹಿಡಿದು ಮಾಲೀಕರನ್ನು ಒಪ್ಪಿಸುವ ಕೆಲಸ ತಿಂಗಳುಗಳ ಮೊದಲೇ, ಈಚೆಗೆ ವರ್ಷಗಳ ಮೊದಲೇ ಶುರುವಾಗುತ್ತದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಗೆ ಈ ಪದ್ಧತಿ ಹೊಸದಲ್ಲ. ಯಕ್ಷಗಾನದ ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳು ಇದನ್ನೇ ಮಾಡಿಕೊಂಡು ಬಂದಿವೆ. ಮಳೆಗಾಲದಲ್ಲಿ ಮೇಳಕ್ಕೆ ಬಿಡುವು. ಆಗಲೇ ಮುಂದಿನ ತಿರುಗಾಟದ ಕಲಾವಿದರ ಪಟ್ಟಿ, ಹೊಸ ಪ್ರಸಂಗಗಳ ಹೆಸರು ಹೊರಬೀಳುತ್ತವೆ. ಊರೂರಿನ ಕಂಟ್ರಾಕ್ಟುದಾರ ಹೊಸ ಪ್ರಸಂಗವನ್ನು ಕಣ್ಣಾರೆ ನೋಡಿರುವುದಿಲ್ಲ. ಅದು ರಂಗವೇರಿಯೇ ಇರುವುದಿಲ್ಲ. ಭಾಗವತರು ಯಾರು, ಸ್ತ್ರೀವೇಷ ಯಾರದು, ಕಳೆದ ವರ್ಷದ ಪ್ರಸಂಗ ಎಷ್ಟು ಕಲೆಕ್ಷನ್ ತಂದಿತ್ತು ಎಂಬ ಮೂರು ಲೆಕ್ಕದ ಮೇಲೆ ಆತ ಆಟ ಗೊತ್ತುಮಾಡಿಕೊಳ್ಳುತ್ತಾನೆ. ಟಿಕೆಟ್ ಹೋಗದಿದ್ದರೆ ನಷ್ಟ ಅವನದೇ. ಮಂದಾರ್ತಿ ಮೇಳದ ಹರಕೆಯಾಟದ ಮಾತು ಬೇರೆ. ಅಲ್ಲಿ ಟಿಕೆಟ್ಟೂ ಇಲ್ಲ, ಪ್ರಚಾರವೂ ಬೇಡ. ಆದರೂ ಸರದಿ ವರ್ಷಗಟ್ಟಲೆ ಮುಂದಕ್ಕೆ ಭರ್ತಿಯಾಗಿರುತ್ತದೆ. ಯಾವ ಸ್ಟುಡಿಯೋಗೂ ಹೊಟ್ಟೆಕಿಚ್ಚಾಗುವ ಸ್ಥಿತಿ ಅದು.

ಕನ್ನಡ ಚಿತ್ರೋದ್ಯಮದಲ್ಲಿ ಈ ವ್ಯವಹಾರ ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಕಚೇರಿಗಳಲ್ಲಿ ಬೆಳೆಯಿತು. ರಾಜ್ಯವನ್ನು ಬಿಕೆಟಿ, ಅಂದರೆ ಬೆಂಗಳೂರು-ಕೋಲಾರ-ತುಮಕೂರು, ಮೈಸೂರು ಭಾಗ, ಶಿವಮೊಗ್ಗ, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ ಎಂದೆಲ್ಲ ಹಂಚಿಕೊಂಡು, ಕರಾವಳಿಯನ್ನು ಸೌತ್ ಕೆನರಾ ಎಂದು ಕರೆದರು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದರೂ ಸಿನಿಮಾದವರ ಬಾಯಲ್ಲಿ ಆ ಹೆಸರು ಉಳಿಯಿತು. ಚಿತ್ರ ಸೆಟ್ಟೇರುವಾಗಲೇ ನಾಯಕನ ಹೆಸರಿನ ಮೇಲೆ ಮುಂಗಡ ಹುಟ್ಟುತ್ತಿತ್ತು. ಗಳಿಕೆ ಎಷ್ಟಾದರೂ ಇಷ್ಟು ಕೊಟ್ಟೇ ಕೊಡುವ ಮಿನಿಮಮ್ ಗ್ಯಾರಂಟಿ ಎಂಬ ಮಾತು ಅಲ್ಲಿ ಬಳಕೆಯಲ್ಲಿತ್ತು. ಪಾರ್ವತಮ್ಮ ರಾಜಕುಮಾರ್ 1975ರ ‘ತ್ರಿಮೂರ್ತಿ’ಯಿಂದ ನಿರ್ಮಾಣಕ್ಕಿಳಿದ ಮೇಲೆ ಅವರ ವಜ್ರೇಶ್ವರಿ ಸಂಸ್ಥೆಯ ಹೆಸರೊಂದೇ ಮಾಲೀಕರಿಗೆ ಸಾಕಾಗುವ ಕಾಲವೂ ಬಂತು.

ಕರ್ನಾಟಕದ ಒಂಟಿ ತೆರೆಯ ಮಂದಿರಗಳಲ್ಲಿ ನಡೆದುಬಂದದ್ದು ಬಹುಮಟ್ಟಿಗೆ ವಾರದ ಬಾಡಿಗೆ. ಚಿತ್ರ ಗೆಲ್ಲಲಿ ಸೋಲಲಿ, ಹಂಚಿಕೆದಾರ ಗೊತ್ತಾದ ಬಾಡಿಗೆ ಕಟ್ಟಬೇಕು. ಹಾಗಾಗಿ ಮಾಲೀಕನಿಗೆ ಒಂದು ಚಿತ್ರದ ಶ್ರೇಷ್ಠತೆಗಿಂತ ವಾರ ಖಾಲಿ ಬೀಳದಿರುವುದೇ ಮುಖ್ಯ. ಉದ್ದನೆಯ ಪಟ್ಟಿಗೆ ಬೆಲೆ ಬಂದದ್ದು ಅದರಿಂದ. ಮಲ್ಟಿಪ್ಲೆಕ್ಸ್‌ಗಳದ್ದು ಶೇಕಡಾವಾರು ಪಾಲು. 2020ರಲ್ಲಿ ಲಾಕ್‌ಡೌನ್ ಮುಗಿದು ಬಾಗಿಲು ತೆರೆಯುವಾಗ ಒಂಟಿ ತೆರೆಗೂ ಅದೇ ಪದ್ಧತಿ ಬರಲಿ ಎಂದು ನಿರ್ಮಾಪಕರು ಪಟ್ಟು ಹಿಡಿದರು.

ಅಮೆರಿಕದಲ್ಲಿ ಪಟ್ಟಿಯೇ ಹಗ್ಗವಾಗಿತ್ತು. ದೊಡ್ಡ ತಾರೆಯ ಒಂದು ಚಿತ್ರ ಬೇಕೆಂದರೆ ಇನ್ನೂ ತಯಾರಾಗದ ಹತ್ತಾರು ಚಿತ್ರಗಳನ್ನೂ ಕೊಳ್ಳಬೇಕೆಂಬ ಷರತ್ತನ್ನು ಪ್ಯಾರಾಮೌಂಟ್ ಮುಂತಾದ ಸ್ಟುಡಿಯೋಗಳು ಹಾಕುತ್ತಿದ್ದವು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಈಗ ಲಾಸ್ ವೇಗಸ್‌ನ ಸಿನಿಮಾಕಾನ್ ಸಮಾವೇಶದಲ್ಲಿ ಸ್ಟುಡಿಯೋಗಳು ಮುಂಬರುವ ಚಿತ್ರಗಳ ತುಣುಕು ತೋರಿಸಿ ಮಾಲೀಕರನ್ನು ಓಲೈಸುತ್ತವೆ.

ಆ ಗಾತ್ರದ ಪಟ್ಟಿ ಹಿಡಿದು ನಿಂತ ಕನ್ನಡದ ಸಂಸ್ಥೆ ಹೊಂಬಾಳೆ ಫಿಲಂಸ್. 2018ರ ‘ಕೆಜಿಎಫ್’ ಒಟ್ಟಿಗೇ ಐದು ಭಾಷೆಗಳಲ್ಲಿ ಬಂತು. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ದ ದಾರಿ ತಿರುಗುಮುರುಗು. ರಿಷಬ್ ಶೆಟ್ಟಿಯವರ ಊರಾದ ಕುಂದಾಪುರ ತಾಲೂಕಿನ ಕೆರಾಡಿಯ ಸುತ್ತ ತೆಗೆದ ಆ ಚಿತ್ರ ಮೊದಲು ಬಂದದ್ದು ಕನ್ನಡದಲ್ಲಿ ಮಾತ್ರ. ಗೆದ್ದ ಮೇಲೆ, ಎರಡು ವಾರ ಕಳೆದು, ಬೇರೆ ಭಾಷೆಗಳ ಮಂದಿರಗಳು ತಾವಾಗಿ ಬಾಗಿಲು ತೆರೆದವು. ಅದೇ ವರ್ಷದ ಕೊನೆಗೆ ನಿರ್ಮಾಪಕ ವಿಜಯ್ ಕಿರಗಂದೂರು ಐದು ವರ್ಷಗಳಲ್ಲಿ 3,000 ಕೋಟಿ ರೂಪಾಯಿ ಹೂಡುವುದಾಗಿ ಹೇಳಿದರು. 2024ರ ನವೆಂಬರ್‌ನಲ್ಲಿ ಪ್ರಭಾಸ್ ಜತೆ ಮೂರು ಚಿತ್ರಗಳ ಘೋಷಣೆಯಾಯಿತು. 2025ರ ಜೂನ್‌ನಲ್ಲಿ ಕ್ಲೀಮ್ ಪ್ರೊಡಕ್ಷನ್ಸ್ ಜತೆಗೂಡಿ, ವಿಷ್ಣುವಿನ ಅವತಾರಗಳ ಮೇಲಿನ ಏಳು ಆನಿಮೇಷನ್ ಚಿತ್ರಗಳಿಗೆ ಇಸವಿ ಸಮೇತ ಹೆಸರಿಟ್ಟರು: ‘ಮಹಾವತಾರ್ ನರಸಿಂಹ’ 2025ಕ್ಕೆ, ‘ಪರಶುರಾಮ’ 2027ಕ್ಕೆ, ಹೀಗೆ ಎರಡು ವರ್ಷಕ್ಕೊಂದರಂತೆ ಸಾಗಿ ಕಲ್ಕಿಯ ಎರಡನೇ ಭಾಗ 2037ಕ್ಕೆ.

ಇಷ್ಟಾದರೂ ಮಾಲೀಕರು ಪಟ್ಟಿಗೆ ಮರುಳಾಗಿ ಸಹಿ ಹಾಕುವವರಲ್ಲ. ‘ಕಾಂತಾರ: ಅಧ್ಯಾಯ 1’ರ ದಿನಾಂಕ ಹತ್ತು ತಿಂಗಳಿಗೂ ಹೆಚ್ಚು ಮೊದಲೇ ಗೊತ್ತಾಗಿತ್ತು. ಆದರೂ ಬಿಡುಗಡೆ ಹತ್ತಿರವಾದಾಗ ಹಂಚಿಕೆದಾರರು ಶೇ 55ರ ಪಾಲು ಕೇಳಿದರೆಂದು ಕೇರಳದ ಪ್ರದರ್ಶಕರ ಸಂಘಟನೆ ಚಿತ್ರವನ್ನೇ ಹಾಕುವುದಿಲ್ಲವೆಂದು ಕುಳಿತಿತು. ಮಾತುಕತೆಯ ನಂತರ, 2025ರ ಅಕ್ಟೋಬರ್ 2ರಂದು ಅಲ್ಲೂ ತೆರೆ ಸರಿಯಿತು.