ಮಗುವನ್ನು ಕರಾಟೆಗೆ ಸೇರಿಸುವ ಮುನ್ನ...

ವಾರ್ಷಿಕ ಪರೀಕ್ಷೆ ಮುಗಿಯುವಷ್ಟರಲ್ಲಿ ಬಿಜೈ, ಕದ್ರಿ, ಉರ್ವ, ಕಂಕನಾಡಿ ಕಡೆಯೆಲ್ಲ ಬೇಸಗೆ ಶಿಬಿರದ ಬ್ಯಾನರ್‌ಗಳು ಕಾಣಿಸಿಕೊಳ್ಳುತ್ತವೆ. ಡ್ರಾಯಿಂಗ್, ಈಜು, ಯಕ್ಷಗಾನದ ಜೊತೆಗೆ ಕರಾಟೆ ಇರಲೇಬೇಕು. ‘ರಜೆಯಿಡೀ ಟಿವಿ, ಮೊಬೈಲ್ ಅಂತ ಕೂರೋದಕ್ಕಿಂತ ಕರಾಟೆಗಾದ್ರೂ ಹೋಗ್ಲಿ’ ಎಂದು ಮಗನನ್ನು ಸೇರಿಸುವವರಿದ್ದಾರೆ. ‘ಕಾಲ ಸರಿ ಇಲ್ಲ, ನಾಲ್ಕು ಪಂಚ್ ಕಲಿತಿರ್ಲಿ’ ಎಂದು ಮಗಳನ್ನು ಸೇರಿಸುವವರೂ ಇದ್ದಾರೆ. ಎರಡೂ ಒಳ್ಳೆಯ ಯೋಚನೆಯೇ. ಆದರೆ ಒಂದು ಸೀರೆಗೆ ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಮಗುವಿನ ಕ್ಲಾಸನ್ನು ಮಾತ್ರ ಪಕ್ಕದ ಮನೆಯವರು ಹೇಳಿದರು ಅಂತ ಆರಿಸಿಬಿಡುತ್ತೇವೆ!

ನಮ್ಮೂರಿಗೆ ಹೊಸದೇನಲ್ಲ

ತುಳುನಾಡಿನವರಿಗೆ ಗರಡಿ ಅಂದರೆ ಗೊತ್ತು. ಕೋಟಿ-ಚೆನ್ನಯರು ವರಸೆ ಕಲಿತದ್ದು ಗರಡಿಯಲ್ಲೇ. ಇವತ್ತು ಕಂಕನಾಡಿ ಗರಡಿಯಲ್ಲಿ ನಾವು ಕೈಮುಗಿಯುವುದು ಆ ವೀರರಿಗೇ. ದಸರಾ ಮೆರವಣಿಗೆಯ ತಾಲೀಮನ್ನು ನೋಡದ ಮಂಗಳೂರಿಗರು ಯಾರಿದ್ದಾರೆ? ಇನ್ನು ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, 2017ರಲ್ಲಿ ನಗರದ ಮೇಯರ್ ಆದ ಕವಿತಾ ಸನಿಲ್ ಸ್ವತಃ ಕರಾಟೆ ಪಟು. ಹಾಗಾಗಿ ‘ಹುಡುಗಿಗೆ ಇದೆಲ್ಲ ಯಾಕೆ’ ಎನ್ನುವ ಅಜ್ಜಿಯಂದಿರಿಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ.

ಯಾವುದು ಕಲಿಸೋದು?

ಕರಾಟೆಯಲ್ಲಿ ಕೈಯ ಹೊಡೆತ, ತಡೆ, ಒದೆತ ಎಲ್ಲವೂ ಇವೆ. ಶೊಟೊಕಾನ್, ಗೊಜು-ರಿಯು, ಶಿಟೊ-ರಿಯು ಎಂದೆಲ್ಲ ಬೋರ್ಡಿನಲ್ಲಿ ಕಂಡರೆ ಗಾಬರಿ ಬೇಡ, ಅವು ಕರಾಟೆಯ ಬೇರೆ ಬೇರೆ ಶೈಲಿಗಳು. ಕೊರಿಯಾದ ಟೇಕ್ವಾಂಡೊದಲ್ಲಿ ಕಾಲಿಗೇ ಹೆಚ್ಚು ಕೆಲಸ. ಜೂಡೊದಲ್ಲಿ ಹಿಡಿಯುವುದು, ಬೀಳಿಸುವುದು ಮುಖ್ಯ. ಪೆಟ್ಟಾಗದಂತೆ ಬೀಳುವುದನ್ನೂ ಅಲ್ಲಿ ಮೊದಲೇ ಹೇಳಿಕೊಡುತ್ತಾರೆ. ನೆರೆಯ ಕೇರಳದ ಕಳರಿಪಯಟ್ಟು ಮೈಯನ್ನು ಬಳುಕಿಸಲು ಒಳ್ಳೆಯದು.

ಮುಂದೆ ಸ್ಪರ್ಧೆಯ ಆಸೆಯಿದ್ದರೆ ಒಂದು ಮಾತು ನೆನಪಿಡಿ. ಜೂಡೊ 1964ರಲ್ಲಿ, ಟೇಕ್ವಾಂಡೊ 2000ದಲ್ಲಿ ಒಲಿಂಪಿಕ್ಸ್ ಪದಕದ ಪಟ್ಟಿ ಸೇರಿದವು. ಕರಾಟೆ ಇದ್ದದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮಾತ್ರ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ಆದರೆ ಆರೇಳು ವರ್ಷದ ಮಗುವಿಗೆ ಶೈಲಿಗಿಂತ ಕಲಿಸುವವರೇ ಮುಖ್ಯ. ಮನೆಗೆ ಹತ್ತಿರ ಒಳ್ಳೆಯ ಮಾಸ್ಟರ್ ಇದ್ದರೆ ಅದೇ ಸರಿಯಾದ ಶೈಲಿ!

ಒಂದು ದಿನ ಸುಮ್ಮನೆ ಕೂತು ನೋಡಿ

ಫೀಸು ಕಟ್ಟುವ ಮೊದಲು ಒಂದು ಪೂರ್ತಿ ಕ್ಲಾಸ್ ನೋಡಲು ಅವಕಾಶ ಕೇಳಿ. ‘ಪೇರೆಂಟ್ಸ್ ಒಳಗೆ ಬರೋ ಹಾಗಿಲ್ಲ’ ಎಂದರೆ ನಮಸ್ಕಾರ ಹೇಳಿ ಹೊರಡಿ. ನೋಡಬೇಕಾದದ್ದು ಇಷ್ಟು: ಕ್ಲಾಸ್ ಶುರುವಾದಾಗ ಮೈ ಬಿಸಿ ಮಾಡುವ ವ್ಯಾಯಾಮ ಇದೆಯೇ? ಬೀಳಿಸುವ ಪಟ್ಟುಗಳಿಗೆ ಮ್ಯಾಟ್ ಹಾಸಿದ್ದಾರೆಯೇ, ಬರೀ ಸಿಮೆಂಟ್ ನೆಲವೇ? ಪುಟಾಣಿಗಳನ್ನೂ ಹೈಸ್ಕೂಲ್ ಹುಡುಗರನ್ನೂ ಒಟ್ಟಿಗೆ ಕಾದಾಡಿಸುತ್ತಾರೆಯೇ? ಹಿಂದಿನ ಸಾಲಿನ ಮಗು ತಪ್ಪು ಮಾಡಿದರೆ ಮಾಸ್ಟರ್ ಅಲ್ಲಿಗೆ ಹೋಗಿ ತಿದ್ದುತ್ತಾರೆಯೇ, ಇಲ್ಲ ಎಲ್ಲರೆದುರು ಗೇಲಿ ಮಾಡುತ್ತಾರೆಯೇ? ಕೋಲಿನ ಏಟು, ನೋವಾದರೂ ಬಿಡದೆ ಮಾಡಿಸುವುದು ಶಿಸ್ತಲ್ಲ.

ನಮ್ಮೂರಿನ ಸೆಕೆಯಲ್ಲಿ ದಪ್ಪ ಯೂನಿಫಾರ್ಮ್ ಹಾಕಿ ಒಂದು ಗಂಟೆ ಕುಣಿದರೆ ಮಗು ಬೆವರಿನಲ್ಲಿ ತೊಯ್ದುಹೋಗುತ್ತದೆ. ನಡುನಡುವೆ ನೀರು ಕುಡಿಯಲು ಬಿಡುತ್ತಾರೆಯೇ ನೋಡಿ. ಮಳೆಗಾಲದಲ್ಲಂತೂ ಯೂನಿಫಾರ್ಮ್ ಒಣಗದೆ ಹಾಗೇ ಹಾಕಿದರೆ ಹುಳುಕಡ್ಡಿ ಬರುತ್ತದೆ. ಸಾಧ್ಯವಾದರೆ ಎರಡು ಜೊತೆ ಇಟ್ಟುಕೊಳ್ಳಿ.

ತಲೆಗೆ ಪೆಟ್ಟು ಬೇಡ

ಮಗುವಿನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಮಂಗಳೂರು ಹೆಂಚನ್ನು ಕೈಯಲ್ಲಿ ಒಡೆದರೆ ಚಪ್ಪಾಳೆ ಸಿಗುತ್ತದೆ, ನಿಜ. ಆದರೆ ಎಳೆಯ ಬೆರಳು, ಮಣಿಕಟ್ಟಿಗೆ ಅದರಿಂದ ಲಾಭ ಏನೂ ಇಲ್ಲ, ಅಪಾಯ ಉಂಟು. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2016ರಲ್ಲಿ ಕೊಟ್ಟ ವರದಿಯಲ್ಲಿ, ಮಕ್ಕಳು ಮೈಗೆ ಏಟು ಬೀಳದ ಅಭ್ಯಾಸದಿಂದಲೇ ಆರಂಭಿಸಬೇಕು ಎಂದಿದೆ. ತಲೆಗವಸು ಹಾಕಿದ ಮಾತ್ರಕ್ಕೆ ಮಿದುಳಿಗೆ ಆಘಾತವಾಗದು ಎಂದು ನಂಬಬೇಡಿ ಎಂದೂ ಅದು ಎಚ್ಚರಿಸಿದೆ. ಉಬ್ಬಸ, ಫಿಟ್ಸ್, ಹೃದಯದ ತೊಂದರೆ ಇರುವ ಮಕ್ಕಳನ್ನು ವೈದ್ಯರನ್ನು ಕೇಳಿಯೇ ಸೇರಿಸಿ. ಮಾಸ್ಟರಿಗೂ ವಿಷಯ ತಿಳಿಸಿ.

ಬೆಲ್ಟಿನ ಆಸೆ

ಬೆಲ್ಟಿನ ಬಣ್ಣಕ್ಕೆ ಮರುಳಾಗಬೇಡಿ. ಬಿಳಿಯಿಂದ ಕಪ್ಪಿಗೆ ಬರಲು ಸಾಮಾನ್ಯವಾಗಿ ನಾಲ್ಕೈದು ವರ್ಷವಾದರೂ ಬೇಕು. ಟೇಕ್ವಾಂಡೊದಲ್ಲಂತೂ 15 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ‘ಡಾನ್’ ಪದವಿ ಕೊಡುವುದೇ ಇಲ್ಲ, ಅವರಿಗೆ ‘ಪೂಮ್’ ಎಂಬ ಬೇರೆ ದರ್ಜೆಯಿದೆ. ‘ಒಂದೂವರೆ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ಅದು ವ್ಯಾಪಾರ ಅಂತ ತಿಳಿಯಿರಿ. ಪ್ರತಿ ಬೆಲ್ಟಿಗೂ ಪರೀಕ್ಷೆ, ಪ್ರತಿ ಪರೀಕ್ಷೆಗೂ ಫೀಸು!

‘ಬೇಡ’ ಎನ್ನಲು ಕಲಿಸಿ

ಮಗಳನ್ನು ಕರಾಟೆಗೆ ಸೇರಿಸಿದೆವು, ಇನ್ನು ಭಯವಿಲ್ಲ ಎಂದುಕೊಂಡರೆ ಅದು ತಪ್ಪು ಲೆಕ್ಕ. ಎಂಟು ವರ್ಷದ ಮಗು ದೊಡ್ಡ ಆಳನ್ನು ಹೊಡೆದು ಕೆಡಹಲಾರದು. ಅದು ಮಾಡಬಲ್ಲದ್ದು ಮೂರು: ಜೋರಾಗಿ ಕೂಗುವುದು, ಕೈ ಬಿಡಿಸಿಕೊಂಡು ಓಡುವುದು, ಮನೆಗೆ ಬಂದು ಹೇಳುವುದು. ಒಳ್ಳೆಯ ಮಾಸ್ಟರ್ ಇದನ್ನೇ ಮೊದಲು ಕಲಿಸುತ್ತಾರೆ.

ಇನ್ನೂ ಒಂದಿದೆ. ನಿಲ್ಲುವ ಭಂಗಿ ತಿದ್ದಲು ಕೈ, ಭುಜ ಮುಟ್ಟಬೇಕಾಗುತ್ತದೆ. ಒಳ್ಳೆಯವರು ಹೇಳಿ ಮುಟ್ಟುತ್ತಾರೆ, ಎಲ್ಲರೆದುರೇ ಮುಟ್ಟುತ್ತಾರೆ. ‘ಸ್ಪೆಷಲ್ ಕೋಚಿಂಗ್’ ಎಂದು ಮಗುವನ್ನು ಒಂಟಿಯಾಗಿ ಕರೆದರೆ ಒಪ್ಪಬೇಡಿ. ಕ್ಲಾಸಿನಲ್ಲಿ ‘ಮಾಸ್ಟರ್ ಹೇಳಿದ ಹಾಗೆ ಕೇಳ್ಬೇಕು’ ಎಂದು ಕಲಿತ ಮಗುವಿಗೆ, ‘ಮಾಸ್ಟರ್ ಆದ್ರೂ ಸರಿ, ನಿಂಗೆ ಹಿಡಿಸದಿದ್ರೆ ಬೇಡ ಅನ್ನು, ನಂಗೆ ಬಂದು ಹೇಳು, ನಾನು ಬಯ್ಯಲ್ಲ’ ಎಂದು ನೀವೇ ಹೇಳಿಕೊಡಬೇಕು. ಚೆನ್ನಾಗಿ ಹೋಗುತ್ತಿದ್ದ ಮಗು ಒಮ್ಮೆಗೇ ‘ನಾನು ಹೋಗಲ್ಲ’ ಎಂದು ಹಟ ಹಿಡಿದರೆ, ‘ಫೀಸು ಕಟ್ಟಿ ಆಗಿದೆ’ ಎಂದು ದೂಡಬೇಡಿ. ಹತ್ತಿರ ಕೂರಿಸಿಕೊಂಡು ಕೇಳಿ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು 2012ರ ಪೋಕ್ಸೊ ಕಾಯ್ದೆಯೂ ಇದೆ.

ಸೇರಿಸುವ ಮುನ್ನ ಇಷ್ಟು ಕೇಳಿ

* ಮಾಸ್ಟರ್ ಯಾರಲ್ಲಿ ಕಲಿತರು? ಪ್ರಮಾಣಪತ್ರ ಯಾವ ಸಂಸ್ಥೆಯದು?
* ಒಬ್ಬ ಮಾಸ್ಟರಿಗೆ ಎಷ್ಟು ಮಕ್ಕಳು? ಸಹಾಯಕ್ಕೆ ಮಹಿಳಾ ತರಬೇತುದಾರರು ಇದ್ದಾರೆಯೇ?
* ತಿಂಗಳ ಫೀಸಲ್ಲದೆ ಯೂನಿಫಾರ್ಮ್, ಬೆಲ್ಟ್ ಪರೀಕ್ಷೆ, ಟೂರ್ನಮೆಂಟ್ ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ?
* ಪೆಟ್ಟಾದರೆ ಪ್ರಥಮ ಚಿಕಿತ್ಸೆ ಯಾರು ಮಾಡುತ್ತಾರೆ?
* ಹೊರ ಊರಿನ ಸ್ಪರ್ಧೆಗೆ ಹೋದರೆ ಮಕ್ಕಳ ಜೊತೆ ಯಾರಿರುತ್ತಾರೆ? ಅಮ್ಮಂದಿರೂ ಹೋಗಬಹುದೇ?

ಕೊನೆಗೆ ಮಗುವನ್ನೂ ಒಂದು ಮಾತು ಕೇಳಿ. ಒಂದು ವಾರ ಹೋಗಿ ಬರಲಿ. ನಗುನಗುತ್ತಾ ಬಂದು ನಿಮ್ಮ ಅಡುಗೆ ಮನೆಯಲ್ಲೇ ಪಂಚ್ ತೋರಿಸಲು ಶುರು ಮಾಡಿದರೆ ಧೈರ್ಯವಾಗಿ ಫೀಸು ಕಟ್ಟಿ. ಬಾಣಲೆ ಮಾತ್ರ ಸ್ವಲ್ಪ ದೂರ ಇಡಿ!