ಬ್ರಿಟನ್ನಿನ ಶಿಕ್ಷಣ ವ್ಯವಸ್ಥೆ: ರಾಯಚೂರಿನಿಂದ ಒಂದು ನೋಟ

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ದೋಆಬು ಬ್ರಿಟಿಷರ ನೇರ ಆಡಳಿತದಲ್ಲಿ ಇದ್ದದ್ದು ಅಲ್ಪಕಾಲ ಮಾತ್ರ. 1853ರಲ್ಲಿ ಹೈದರಾಬಾದಿನ ನಿಜಾಮ ಅದನ್ನು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಒಪ್ಪಿಸಿದ, 1860ರಲ್ಲಿ ಅದು ಮರಳಿ ಆತನ ಕೈ ಸೇರಿತು. ಮುಂದೆ ಈ ಸೀಮೆಯ ವಿದ್ಯಾವಂತರ ಕಣ್ಣು ಹೈದರಾಬಾದಿನ ಕಡೆಗೆ, 1918ರಲ್ಲಿ ಸ್ಥಾಪನೆಯಾಗಿ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಟ್ಟ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ ಇತ್ತು. ಆದರೂ ಇಂದು ರಾಯಚೂರು ಜಿಲ್ಲೆಯ ಮಾನ್ವಿಯ ಪದವಿ ವಿದ್ಯಾರ್ಥಿ ತನ್ನ ಊರಿನ ಕಾಲೇಜಿನಲ್ಲಿ ಪಾಠ ಕೇಳಿ, ಬೇರೆಡೆಯ ವಿಶ್ವವಿದ್ಯಾಲಯ ಕಳಿಸಿದ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವ ಪದ್ಧತಿಯ ಬೇರು ಲಂಡನ್ನಿನಲ್ಲೇ ಇದೆ. 1836ರಲ್ಲಿ ಹುಟ್ಟಿದ ಲಂಡನ್ ವಿಶ್ವವಿದ್ಯಾಲಯ ಮೊದಲಿಗೆ ಪಾಠ ಹೇಳುವ ಸಂಸ್ಥೆಯಾಗಿರದೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿತ್ತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳನ್ನು ತೆರೆದಾಗ ಅದೇ ಅಚ್ಚನ್ನು ಬಳಸಲಾಯಿತು. ಅಚ್ಚು ಇಲ್ಲಿ ಉಳಿಯಿತು, ಅದನ್ನು ಮಾಡಿದ ದೇಶ ಬೇರೆ ದಾರಿ ಹಿಡಿಯಿತು.

ಬ್ರಿಟನ್ನಿನಲ್ಲಿ ಒಂದೇ ಶಿಕ್ಷಣ ವ್ಯವಸ್ಥೆ ಇದೆಯೆಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ನಾಲ್ಕೂ ತಮ್ಮ ಶಾಲೆಗಳನ್ನು ತಾವೇ ನಡೆಸುತ್ತವೆ, ಸ್ಕಾಟ್ಲೆಂಡಿನ ಪರೀಕ್ಷೆಗಳಂತೂ ಪೂರ್ತಿ ಬೇರೆ. ಇಲ್ಲಿ ಹೇಳುವುದು ಬಹುಮಟ್ಟಿಗೆ ಇಂಗ್ಲೆಂಡಿನ ವಿಷಯ.

ಅಲ್ಲಿ ಮಗುವಿಗೆ ಐದು ತುಂಬಿದ ಮೇಲೆ ಶಿಕ್ಷಣ ಕಡ್ಡಾಯವಾದರೂ ಹೆಚ್ಚಿನ ಮಕ್ಕಳು ನಾಲ್ಕನೆಯ ವಯಸ್ಸಿಗೇ ‘ರಿಸೆಪ್ಷನ್’ ಎಂಬ ತರಗತಿಗೆ ಸೇರುತ್ತಾರೆ. ಇದು ಪ್ರಾಥಮಿಕ ಶಾಲೆಯ ಆವರಣದಲ್ಲೇ, ಅದೇ ಮುಖ್ಯೋಪಾಧ್ಯಾಯರ ಕೈಕೆಳಗೆ ನಡೆಯುತ್ತದೆ. ರಾಯಚೂರು ಜಿಲ್ಲೆಯ ದೇವದುರ್ಗದ ಹಳ್ಳಿಯ ಮಗು ಆ ವಯಸ್ಸಿನಲ್ಲಿ ಅಂಗನವಾಡಿಯಲ್ಲಿ ಇರುತ್ತದೆ, ಅದು ಶಿಕ್ಷಣ ಇಲಾಖೆಗೆ ಸೇರದೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ಆರು ತುಂಬಿ ಒಂದನೆಯ ತರಗತಿಗೆ ಬಂದಾಗ ಮಗು ಕಟ್ಟಡದ ಜೊತೆಗೆ ಇಲಾಖೆಯನ್ನೂ ಬದಲಿಸುತ್ತದೆ. ಇಂಗ್ಲೆಂಡಿನಲ್ಲಿ 2012ರಿಂದ ಒಂದನೆಯ ವರ್ಷದ ಕೊನೆಯಲ್ಲಿ ಪ್ರತಿ ಮಗುವಿಗೂ ಚಿಕ್ಕದೊಂದು ಓದಿನ ತಪಾಸಣೆ ಇದೆ: ಶಿಕ್ಷಕರು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಲವತ್ತು ಪದಗಳನ್ನು ಓದಿಸುತ್ತಾರೆ, ಅವುಗಳಲ್ಲಿ ಅರ್ಧದಷ್ಟು ಯಾವ ಅರ್ಥವೂ ಇಲ್ಲದ, ಕೇವಲ ಅಕ್ಷರ ಕೂಡಿಸಿ ಉಚ್ಚರಿಸಬೇಕಾದ ಪದಗಳು. ಬಾಯಿಪಾಠದಿಂದ ಓದಿದಂತೆ ತೋರುವ ಮಗು ಇಲ್ಲಿ ಸಿಕ್ಕಿಬೀಳುತ್ತದೆ. ಕನ್ನಡದ ಕಾಗುಣಿತಕ್ಕೂ ಹೊಂದುವ ಈ ಉಪಾಯಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.

ಎಲ್ಲದರಲ್ಲೂ ಬ್ರಿಟನ್ನೇ ಮುಂದು ಎಂದೇನಿಲ್ಲ. ಇಂಗ್ಲೆಂಡಿನಲ್ಲಿ ರಿಸೆಪ್ಷನ್‌ನಿಂದ ಎರಡನೆಯ ವರ್ಷದವರೆಗಿನ ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆಗಳಲ್ಲಿ ಉಚಿತ ಊಟ ಬಂದದ್ದು 2014ರಲ್ಲಿ; ಅಕ್ಷರ ದಾಸೋಹದ ಬಿಸಿಯೂಟ ರಾಯಚೂರು ಸೇರಿದಂತೆ ಕರ್ನಾಟಕದ ಏಳು ಉತ್ತರದ ಜಿಲ್ಲೆಗಳಲ್ಲಿ 2002ರಲ್ಲೇ ಶುರುವಾಗಿತ್ತು.

ಹನ್ನೊಂದಕ್ಕೆ ಪ್ರಾಥಮಿಕ ಮುಗಿಸಿ ಪ್ರೌಢಶಾಲೆ ಸೇರುವ ಮಗು ಹದಿನಾರರಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯನ್ನು ನಮ್ಮ ಎಸ್ಸೆಸ್ಸೆಲ್ಸಿಗೆ ಹೋಲಿಸುವುದುಂಟು. ಹೋಲಿಕೆ ಅರ್ಧ ಮಾತ್ರ ಸರಿ. ಎಸ್ಸೆಸ್ಸೆಲ್ಸಿಗೆ ಇಡೀ ರಾಜ್ಯಕ್ಕೆ ಒಂದೇ ಮಂಡಳಿ, ನಿಗದಿತ ಆರು ವಿಷಯ. ಜಿಸಿಎಸ್‌ಇಯಲ್ಲಿ ಒಬ್ಬ ವಿದ್ಯಾರ್ಥಿ ಸಾಮಾನ್ಯವಾಗಿ ಎಂಟು ಹತ್ತು ವಿಷಯ ತೆಗೆದುಕೊಳ್ಳುತ್ತಾನೆ, ಅವುಗಳಲ್ಲಿ ಕೆಲವನ್ನು ಸ್ವತಃ ಆರಿಸುತ್ತಾನೆ, ಮತ್ತು ಯಾವ ಮಂಡಳಿಯ ಪ್ರಶ್ನೆಪತ್ರಿಕೆ ಬೇಕೆಂಬುದನ್ನು ಶಾಲೆಯೇ ತೀರ್ಮಾನಿಸುತ್ತದೆ. 2017ರಿಂದ ಇಂಗ್ಲೆಂಡಿನಲ್ಲಿ ಅಕ್ಷರ ಶ್ರೇಣಿಯ ಬದಲು 9ರಿಂದ 1ರವರೆಗಿನ ಶ್ರೇಣಿ ಬಂದಿದೆ, 4 ಎಂದರೆ ಸಾಧಾರಣ ಉತ್ತೀರ್ಣ. ಇಂಗ್ಲಿಷ್ ಅಥವಾ ಗಣಿತದಲ್ಲಿ 4 ದೊರೆಯದವರು ಫೇಲಾದೆವೆಂದು ಮನೆ ಸೇರುವಂತಿಲ್ಲ. ಮುಂದೆ ಪೂರ್ಣಾವಧಿ ಓದಿಗೆ ಯಾವ ಕಾಲೇಜು ಸೇರಿದರೂ ಆ ವಿಷಯವನ್ನು ಮತ್ತೆ ಓದಲೇಬೇಕು.

ಹದಿನಾರರ ಕವಲೇ ಈ ವ್ಯವಸ್ಥೆಯ ನಿಜವಾದ ಗುರುತು. ವಿಶ್ವವಿದ್ಯಾಲಯದ ಹಾದಿ ಹಿಡಿದವರು ಎರಡು ವರ್ಷದ ‘ಎ ಲೆವೆಲ್’ನಲ್ಲಿ ಸಾಮಾನ್ಯವಾಗಿ ಮೂರೇ ಮೂರು ವಿಷಯಗಳನ್ನು ಆಳವಾಗಿ ಓದುತ್ತಾರೆ; ಭೌತಶಾಸ್ತ್ರದ ಪಕ್ಕದಲ್ಲಿ ಇತಿಹಾಸವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ, ನಮ್ಮ ಪಿಯುಸಿಯಂತೆ ಕಲೆ, ವಾಣಿಜ್ಯ, ವಿಜ್ಞಾನಗಳ ಗೋಡೆ ಇಲ್ಲ. ಕೈಕಸುಬಿನತ್ತ ಹೊರಳುವವರಿಗೆ 2020ರಲ್ಲಿ ಆರಂಭವಾದ ‘ಟಿ ಲೆವೆಲ್’ ಇದೆ, ಕೆಲಸ ಮಾಡುತ್ತ ಸಂಬಳ ಪಡೆದು ಕಲಿಯುವ ಅಪ್ರೆಂಟಿಸ್‌ಶಿಪ್ ಇದೆ. ಯಾವುದೇ ಆಗಲಿ, ಹದಿನೆಂಟು ತುಂಬುವವರೆಗೆ ಓದು ಅಥವಾ ತರಬೇತಿಯಲ್ಲಿ ಇರಲೇಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 2015ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಕೈ ಹಿಡಿಯುವುದು ಆರರಿಂದ ಹದಿನಾಲ್ಕರವರೆಗೆ. ಹತ್ತಿ ಬಿಡಿಸುವ ಕಾಲಕ್ಕೆ ಹಾಜರಿ ಇಳಿಯುವ, ತಂದೆತಾಯಿ ಬೆಂಗಳೂರಿಗೆ ಗುಳೆ ಹೋದಾಗ ಮಕ್ಕಳೂ ಹೊರಡುವ ದೇವದುರ್ಗ, ಮಾನ್ವಿಗಳಲ್ಲಿ ಕಾಯ್ದೆ ಕೈಬಿಡುವ ವಯಸ್ಸೂ ಮಗು ಕೂಲಿಗೆ ಒದಗುವ ವಯಸ್ಸೂ ಒಂದೇ ಆಗಿಬಿಡುತ್ತವೆ. ಇಂಗ್ಲೆಂಡಿನಲ್ಲಿ ಮೇಲೆ ಹೋದಂತೆ ವಿಷಯಗಳು ಕಡಿಮೆಯಾಗುತ್ತವೆ, ಇಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಮಗುವಿಗೆ ಶಾಲೆ ತಪ್ಪಿಸಿದರೆ ಪೋಷಕರಿಗೆ 80 ಪೌಂಡ್ ದಂಡ ಬೀಳಬಹುದು. ಗುಳೆ ಹೋಗುವ ಕುಟುಂಬಕ್ಕೆ ದಂಡ ಹಾಕುವುದು ಕ್ರೌರ್ಯವಾದೀತು, ಅಂಥ ಕುಟುಂಬದ ಮಕ್ಕಳಿಗೆ ಊರಿನಲ್ಲೇ ಉಳಿಯಲು ವಸತಿನಿಲಯಗಳೇ ಹೆಚ್ಚು ಉಪಯುಕ್ತ.

ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದು ಫಲಿತಾಂಶಕ್ಕೆ ತಿಂಗಳುಗಳ ಮೊದಲೇ. ‘ಯೂಕ್ಯಾಸ್’ ಎಂಬ ಒಂದೇ ಕೇಂದ್ರದ ಮೂಲಕ ಐದು ಆಯ್ಕೆಗಳನ್ನು ಕೊಡಬಹುದು, ಆದರೆ ಒಂದೇ ವರ್ಷದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಹಾಕುವಂತಿಲ್ಲ. ಶಿಕ್ಷಕರು ಅಂದಾಜಿಸಿದ ಶ್ರೇಣಿಯನ್ನು ನೋಡಿ ವಿಶ್ವವಿದ್ಯಾಲಯ ಷರತ್ತಿನ ಮೇಲೆ ಸೀಟು ಕೊಡುತ್ತದೆ. ಆಗಸ್ಟಿನ ಫಲಿತಾಂಶದಲ್ಲಿ ಷರತ್ತು ಪೂರೈಸಿದರೆ ಸೀಟು ಖಾಯಂ, ಇಲ್ಲವಾದರೆ ಉಳಿದ ಸೀಟುಗಳಿಗಾಗಿ ‘ಕ್ಲಿಯರಿಂಗ್’ ಎಂಬ ಹುಡುಕಾಟ. ಪದವಿ ಸಾಮಾನ್ಯವಾಗಿ ಮೂರು ವರ್ಷ, ಸ್ಕಾಟ್ಲೆಂಡಿನಲ್ಲಿ ನಾಲ್ಕು. ಪಾಠ ಹೇಳುವ ವಿಶ್ವವಿದ್ಯಾಲಯವೇ ಪ್ರಶ್ನೆಪತ್ರಿಕೆ ತಯಾರಿಸಿ ಪದವಿಯನ್ನೂ ಕೊಡುತ್ತದೆ. ರಾಯಚೂರಿನಲ್ಲಿ ಆ ಬಗೆಯ ಸಂಸ್ಥೆ ನೋಡಬೇಕೆಂದರೆ 2009ರಲ್ಲಿ ರೂಪುಗೊಂಡ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವನ್ನೋ 2019ರಲ್ಲಿ ಬಂದ ಐಐಐಟಿಯನ್ನೋ ನೋಡಬೇಕು. ಸಾಮಾನ್ಯ ಪದವಿ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ, ಈಗ ಅದರಿಂದ ಬೇರ್ಪಟ್ಟ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ.

ಇಂಗ್ಲೆಂಡಿನ ಸ್ಥಳೀಯ ವಿದ್ಯಾರ್ಥಿಗೆ ವರ್ಷದ ಶುಲ್ಕ 2025-26ರಲ್ಲಿ ಗರಿಷ್ಠ 9,535 ಪೌಂಡ್ ಇತ್ತು. ಅದನ್ನು ಸರ್ಕಾರ ಸಾಲವಾಗಿ ಕೊಟ್ಟು, ಮುಂದೆ ವರಮಾನ ಒಂದು ಮಟ್ಟ ದಾಟಿದ ಮೇಲಷ್ಟೇ ಹೆಚ್ಚಿನ ಭಾಗದ ಶೇ 9ರಂತೆ ವಸೂಲು ಮಾಡುತ್ತದೆ. ರಾಯಚೂರಿನಿಂದ ಹೋಗುವವರಿಗೆ ಈ ಮಿತಿಯೂ ಅನ್ವಯಿಸುವುದಿಲ್ಲ, ಈ ಸಾಲವೂ ಸಿಗುವುದಿಲ್ಲ. ಅಲ್ಲಿನ ಒಂದು ವರ್ಷದ ಸ್ನಾತಕೋತ್ತರ ಪದವಿಯ ಆಸೆಗೆ ಹೊಲ ಅಡವಿಡುವ ಮುನ್ನ ಕುಟುಂಬಗಳು ಏಜೆಂಟರ ಮಾತನ್ನು ಬದಿಗಿಟ್ಟು, ಶುಲ್ಕವನ್ನು ಆಯಾ ವಿಶ್ವವಿದ್ಯಾಲಯದಿಂದಲೂ ವಿದ್ಯಾರ್ಥಿವೇತನದ ನಿಯಮಗಳನ್ನು ಸಮಾಜ ಕಲ್ಯಾಣ ಇಲಾಖೆಯಿಂದಲೂ ನೇರವಾಗಿ ವಿಚಾರಿಸಿಕೊಳ್ಳಬೇಕು.