ಕೈಗಾರಿಕಾ ಸೆನ್ಸರ್‌ಗಳಿಗೆ ವಿದ್ಯುತ್ ಪೂರೈಕೆ ಘಟಕದ ಆಯ್ಕೆ: ಉದ್ದಿಮೆದಾರರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಪ್ರದೇಶವು ಅರಣ್ಯ, ಕೃಷಿ ಹಾಗೂ ಕಾಳಿ ನದಿಯ ಜಲವಿದ್ಯುತ್ತಿಗೆ ಹೆಸರಾಗಿದೆ. ದಾಂಡೇಲಿಯಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಹಳಿಯಾಳ ತಾಲ್ಲೂಕಿನಲ್ಲಿ ಸಕ್ಕರೆ ಕಾರ್ಖಾನೆ ಇರುತ್ತದೆ. ಕಾಗದ, ಸಕ್ಕರೆ, ಅಕ್ಕಿ ಗಿರಣಿ ಮುಂತಾದ ಉದ್ದಿಮೆಗಳಲ್ಲಿ ಯಂತ್ರದ ಭಾಗವು ನಿಗದಿತ ಸ್ಥಾನಕ್ಕೆ ಬಂದಿದೆಯೇ ಎಂಬುದನ್ನು ಸ್ಪರ್ಶವಿಲ್ಲದೆ ತಿಳಿಸುವ ಸಾಧನಕ್ಕೆ ಪ್ರಾಕ್ಸಿಮಿಟಿ ಸೆನ್ಸರ್ ಎಂದು ಹೆಸರು. ಹಲವು ಸೆನ್ಸರ್‌ಗಳಿಗೆ ಒಂದೇ ವಿದ್ಯುತ್ ಪೂರೈಕೆ ಘಟಕವನ್ನು ಅಳವಡಿಸುವಾಗ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ವೋಲ್ಟೇಜ್
ಮೂರು ತಂತಿಯ ಡಿ.ಸಿ. ಸೆನ್ಸರ್‌ಗಳು ಸಾಮಾನ್ಯವಾಗಿ 10ರಿಂದ 30 ವೋಲ್ಟ್‌ಗಳಲ್ಲಿ ಕಾರ್ಯನಿರ್ವಹಿಸುತ್ತವೆ. ಇವುಗಳಿಗೆ 24 ವೋಲ್ಟ್‌ನ ಸ್ಥಿರೀಕೃತ ಎಸ್.ಎಂ.ಪಿ.ಎಸ್. ಘಟಕವು ಸೂಕ್ತ. ಗ್ರಾಮಾಂತರ ಮಾರ್ಗಗಳಲ್ಲಿ 230 ವೋಲ್ಟ್ ಪೂರೈಕೆಯು ಏರಿಳಿತಕ್ಕೆ ಒಳಗಾಗುವ ಸಾಧ್ಯತೆ ಇರುವುದರಿಂದ, 85ರಿಂದ 264 ವೋಲ್ಟ್ ಎ.ಸಿ.ವರೆಗೆ ಸ್ವೀಕರಿಸುವ ಘಟಕವನ್ನು ಆರಿಸುವುದು ಉತ್ತಮ.

2. ಕರೆಂಟಿನ ಲೆಕ್ಕ
ಸೆನ್ಸರ್‌ಗಳ ಸ್ವಂತ ಬಳಕೆಯನ್ನು ಮಾತ್ರ ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ಅವು ಚಾಲನೆ ಮಾಡುವ ರಿಲೇ ಮತ್ತು ಪಿ.ಎಲ್.ಸಿ. ಇನ್‌ಪುಟ್‌ಗಳ ಕರೆಂಟನ್ನೂ ಸೇರಿಸತಕ್ಕದ್ದು. ಉದಾಹರಣೆಗೆ, 24 ಸೆನ್ಸರ್‌ಗಳಿದ್ದಲ್ಲಿ:

- ಸ್ವಂತ ಬಳಕೆ, ತಲಾ 15 ಮಿಲಿಆಂಪಿಯರ್‌ನಂತೆ: 360
- 16 ಪಿ.ಎಲ್.ಸಿ. ಇನ್‌ಪುಟ್‌ಗಳು, ತಲಾ 7ರಂತೆ: 112
- 8 ರಿಲೇಗಳು, ತಲಾ 40ರಂತೆ: 320
- ಒಟ್ಟು: 792 ಮಿಲಿಆಂಪಿಯರ್

ಇದಕ್ಕೆ ಶೇ. 30ರಷ್ಟು ಹೆಚ್ಚುವರಿ ಸೇರಿಸಿದರೆ ಸುಮಾರು 1.03 ಆಂಪಿಯರ್ ಆಗುತ್ತದೆ. ಬಾಯ್ಲರ್ ಸಮೀಪದಂತಹ ಬಿಸಿ ಸ್ಥಳಗಳಲ್ಲಿ ಘಟಕದ ಸಾಮರ್ಥ್ಯ ಕುಗ್ಗುತ್ತದೆ. ಮುಂದೆ ಸೆನ್ಸರ್‌ಗಳನ್ನು ಸೇರಿಸಬೇಕಾಗಿಯೂ ಬರಬಹುದು. ಆದ್ದರಿಂದ 2.5 ಆಂಪಿಯರ್‌ನ ಘಟಕವು ಸಮಂಜಸ.

3. ತಂತಿಯ ಉದ್ದ ಮತ್ತು ದಪ್ಪ
ಮೇಲಿನ ಎಲ್ಲ ಸೆನ್ಸರ್‌ಗಳು 60 ಮೀಟರ್ ದೂರದ ಒಂದೇ ಜಂಕ್ಷನ್ ಬಾಕ್ಸ್‌ನಿಂದ ವಿದ್ಯುತ್ ಪಡೆಯುತ್ತವೆ ಎಂದುಕೊಂಡರೆ, ಹೋಗಿಬರುವ ತಾಮ್ರದ ತಂತಿಯ ಉದ್ದ 120 ಮೀಟರ್. ತಂತಿಯು 0.5 ಚದರ ಮಿಲಿಮೀಟರ್ ಇದ್ದಲ್ಲಿ ಸುಮಾರು 3.5 ವೋಲ್ಟ್ ನಷ್ಟವಾಗುತ್ತದೆ. ಸೆನ್ಸರ್‌ನೊಳಗೆ ಮತ್ತೆ 2 ವೋಲ್ಟ್‌ವರೆಗೆ ನಷ್ಟವಾದರೆ ರಿಲೇಗೆ ಉಳಿಯುವುದು 18.5 ವೋಲ್ಟ್ ಮಾತ್ರ. 24 ವೋಲ್ಟ್ ರಿಲೇಯು ಎಳೆದುಕೊಳ್ಳಲು ಅದರಲ್ಲಿ ಶೇ. 75ರಿಂದ 80ರಷ್ಟು, ಅಂದರೆ 18ರಿಂದ 19.2 ವೋಲ್ಟ್ ಬೇಕಾಗುವುದರಿಂದ ಅದು ಒಮ್ಮೆ ಕೆಲಸ ಮಾಡಿ, ಇನ್ನೊಮ್ಮೆ ಮಾಡದಿರಬಹುದು. ಇಂತಹ ಸಂದರ್ಭದಲ್ಲಿ ದೋಷವಿಲ್ಲದ ಸೆನ್ಸರ್‌ಗಳನ್ನೇ ಬದಲಾಯಿಸುತ್ತ ಹೋಗುವ ಸಂಭವವಿದೆ. 1.5 ಚದರ ಮಿಲಿಮೀಟರ್ ತಂತಿ ಬಳಸಿದರೆ ತಂತಿಯಲ್ಲಿನ ನಷ್ಟವು ಸುಮಾರು 1.2 ವೋಲ್ಟ್‌ಗೆ ಇಳಿಯುತ್ತದೆ.

4. ಇತರ ಮುನ್ನೆಚ್ಚರಿಕೆಗಳು
- ಸೊಲೆನಾಯ್ಡ್ ವಾಲ್ವ್‌ಗಳಿಗೆ ಪ್ರತ್ಯೇಕ ಘಟಕ ಅಳವಡಿಸುವುದು ಒಳ್ಳೆಯದು. ರಿಲೇ ಕಾಯಿಲ್‌ಗಳಿಗೆ ಅಡ್ಡಲಾಗಿ ಡಯೋಡ್ ಹಾಕತಕ್ಕದ್ದು.
- ಪ್ರತಿ ಶಾಖೆಗೆ ಪ್ರತ್ಯೇಕ ಫ್ಯೂಸ್ ಇದ್ದರೆ, ಒಂದು ಕೇಬಲ್ ಶಾರ್ಟ್ ಆದಾಗ ಎಲ್ಲ ಸೆನ್ಸರ್‌ಗಳೂ ಒಮ್ಮೆಗೇ ನಿಲ್ಲುವುದಿಲ್ಲ.
- ಗುಡುಗು ಮಿಂಚಿನ ಕಾಲದಲ್ಲಿ ಉಂಟಾಗುವ ಅಧಿಕ ವೋಲ್ಟೇಜ್ ತಡೆಯಲು ಸರ್ಜ್ ರಕ್ಷಕ ಹಾಗೂ ಸಮರ್ಪಕ ಭೂಸಂಪರ್ಕ ಅಗತ್ಯ.
- ಜೋಯಿಡಾ ಭಾಗದಂತೆ ಹೆಚ್ಚು ಮಳೆ ಬೀಳುವ ಕಡೆ ತೇವಾಂಶ ಒಳಹೋಗದ ಪೆಟ್ಟಿಗೆಯಲ್ಲಿ ಘಟಕವನ್ನು ಇರಿಸತಕ್ಕದ್ದು.

5. ಕಾರ್ಮಿಕರ ಸುರಕ್ಷತೆ
ವಿದ್ಯುತ್ ಕಡಿತವಾದಾಗ ಅಥವಾ ತಂತಿ ತುಂಡಾದಾಗ ಯಂತ್ರವು ನಿಲ್ಲುವಂತೆ ಸರ್ಕ್ಯೂಟ್ ರೂಪಿಸತಕ್ಕದ್ದು. ಸಂಕೇತ ಇಲ್ಲದಿರುವುದನ್ನು ‘ಅಡ್ಡಿ ಇಲ್ಲ’ ಎಂದು ಯಂತ್ರವು ಅರ್ಥೈಸಬಾರದು. ವಿದ್ಯುತ್ ಮರಳಿದಾಗ ಯಂತ್ರವು ತಾನಾಗಿಯೇ ಚಾಲನೆಗೊಳ್ಳಬಾರದು. ಸಾಮಾನ್ಯ ಪ್ರಾಕ್ಸಿಮಿಟಿ ಸೆನ್ಸರ್ ಸುರಕ್ಷತಾ ಸಾಧನವಲ್ಲ; ರೋಲರ್ ಹಾಗೂ ಕತ್ತರಿಸುವ ಯಂತ್ರಗಳ ಕಾವಲಿಗೆ ಅದನ್ನೊಂದನ್ನೇ ಅವಲಂಬಿಸಿದರೆ ಕಾರ್ಮಿಕರ ಕೈಗೆ ಅಪಾಯವಾದೀತು.

ಮೇಲಿನ ಅಂಕಿಗಳು ಮಾದರಿಗಾಗಿ ನೀಡಿದವುಗಳಾಗಿರುತ್ತವೆ. ಖರೀದಿಗೆ ಮುನ್ನ ತಯಾರಕರ ವಿವರಪತ್ರವನ್ನು ಪರಿಶೀಲಿಸುವುದು ಮತ್ತು ಅಳವಡಿಕೆಯ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸುವುದು.